ಫಾರ್ಮ್ಯಾಟ್ ಹೊಡಿಯೂ ಮೊದ್ಲ ಡಿ ಡ್ರೈವ್‌ನಾಗ ಏನೈತಿ ಕೇಳ್ರಿ

ಹಾಸ್ಟೆಲ್‌ನಲ್ಲಿ ಯಾರದಾದ್ರೂ ಲ್ಯಾಪ್‌ಟಾಪ್ ಸ್ವಲ್ಪ ಸ್ಲೋ ಆದ್ರೆ ಸಾಕು, ಪಕ್ಕದ ರೂಮಿನಿಂದ ಸಲಹೆ ರೆಡಿ ಇರುತ್ತೆ: "ಫಾರ್ಮ್ಯಾಟ್ ಹೊಡಿ ಮಗಾ." ವೈರಸ್ ಬಂತಾ, ಫಾರ್ಮ್ಯಾಟ್ ಹೊಡಿ. ಅಪ್‌ಡೇಟ್ ಅರ್ಧಕ್ಕೆ ನಿಂತಿತಾ, ಫಾರ್ಮ್ಯಾಟ್ ಹೊಡಿ. ವಿಂಡೋಸ್ ಮತ್ತೆ ಹಾಕೋದಕ್ಕೂ ಡಿಸ್ಕ್ ಪೂರ್ತಿ ಅಳಿಸೋದಕ್ಕೂ ನಮ್ಮಲ್ಲಿ ಒಂದೇ ಶಬ್ದ. ಆದ್ರೆ ಅವೆರಡೂ ಬೇರೆ ಬೇರೆ ಕೆಲಸ. ಒಂದನ್ನ ಮಾಡೋಕೆ ಇನ್ನೊಂದು ಬೇಕಾಗೇ ಇಲ್ಲ. ಇದು ಗೊತ್ತಿಲ್ಲದೆ ನಾನು ಒಬ್ಬರ ಹದಿಮೂರು ವರ್ಷದ ಕೆಲಸವನ್ನ ಎರಡು ನಿಮಿಷದಲ್ಲಿ ಕಳೆಯೋನಿದ್ದೆ. ಅದನ್ನ ಉಳಿಸಿದೆ, ಆದ್ರೆ ಬೇರೆ ಒಂದಿಷ್ಟು ಕಳೆದೆ. ಅದಕ್ಕೇ ಈ ಲೇಖನ.

2024ರ ದೀಪಾವಳಿ ರಜೆಗೆ ಸುರೇಬಾನಕ್ಕೆ ಹೋಗಿದ್ದೆ. ಬೆಳಗಾವಿ ಜಿಲ್ಲೆ, ರಾಮದುರ್ಗ ತಾಲೂಕು. ಶಬರಿಕೊಳ್ಳದ ಸುರೇಬಾನ ಅಂದ್ರೆ ನಮ್ಮ ಕಡೆಯವರಿಗೆ ಬೇಗ ಗೊತ್ತಾಗುತ್ತೆ. ನಮ್ಮ ಅವ್ವನ ತವರು. ಅಲ್ಲಿ ನಮ್ಮ ಸೋದರಮಾವಂದು ಒಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಮದುವಿ ಕಾರ್ಡು, ಜಾತ್ರಿ ಹ್ಯಾಂಡ್‌ಬಿಲ್ಲು, ಪುಣ್ಯತಿಥಿ ಕಾರ್ಡು, ಸಂಘದ ರಸೀದಿ ಪುಸ್ತಕ, ಜೊತೆಗೆ ಆನ್‌ಲೈನ್ ಅರ್ಜಿ ತುಂಬೋದು. ನನ್ನ ಮೊದಲ ಸೆಮಿಸ್ಟರ್ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ, ಆದ್ರೆ ಊರವರಿಗೆ ನಾನಾಗಲೇ ಇಂಜಿನಿಯರ್.

ಮಾಮಾನ ಅಂಗಡಿಯ ಹಳೆ ಕಂಪ್ಯೂಟರ್‌ನಲ್ಲಿ ಆಗಲೂ ವಿಂಡೋಸ್ 7 ಇತ್ತು. ಮೈಕ್ರೋಸಾಫ್ಟ್ ಅದರ ಸಪೋರ್ಟ್ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ಕ್ರೋಮ್ ಕೂಡ 109ನೇ ವರ್ಷನ್‌ಗೆ ವಿಂಡೋಸ್ 7ರ ಕೈ ಬಿಟ್ಟಿತು. ಹಿಂಗಾಗಿ ಅರ್ಜಿ ತುಂಬೋ ಪೇಜುಗಳು ಅರ್ಧ ತೆರೆಯೋದು, ಬಟನ್ ಒತ್ತಿದ್ರೆ ಸುಮ್ನಿರೋದು. ಸರದಿಯಲ್ಲಿ ನಿಂತವರು ಮಾಮಾಗೆ ಬೈಯೋದು. "ಅಳಿಯಾ, ಇದಕ್ಕ ಏನಾರ ಮಾಡೋ" ಅಂದ. ನಾನು ಪೆನ್‌ಡ್ರೈವ್ ತೆಗೆದೆ. ಏನು ಹೇಳಿದೆ ಅಂತ ಗೆಸ್ ಮಾಡ್ರಿ. "ಫಾರ್ಮ್ಯಾಟ್ ಹೊಡೀತೀನಿ ಮಾಮಾ, ಒಂದು ತಾಸಿನ ಕೆಲಸ."

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, 'ಕಸ್ಟಮ್' ಆರಿಸಿದ ಮೇಲೆ ಪಾರ್ಟಿಶನ್‌ಗಳ ಪಟ್ಟಿ ಬರುತ್ತಲ್ಲ, ಅಲ್ಲಿಗೆ ಬಂದೆ. ಅಲ್ಲಿ ಸಿ, ಡಿ, ಇ ಅಂತ ಅಕ್ಷರಗಳು ಕಾಣೋದಿಲ್ಲ. 'ಡ್ರೈವ್ 0 ಪಾರ್ಟಿಶನ್ 1, 2, 3' ಅಂತ ನಂಬರ್ ಮತ್ತು ಸೈಜ್ ಮಾತ್ರ. ಡ್ರೈವ್‌ಗೆ ಯಾರಾದ್ರೂ ಹೆಸರು ಕೊಟ್ಟಿದ್ರೆ ಅದೂ ಕಾಣುತ್ತೆ. ಮಾಮಾನದು 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ ಲೆಕ್ಕದಲ್ಲಿ 465. ಅದರಲ್ಲಿ ಮೊದಲಿಗೆ 100 ಎಂಬಿಯ ಸಣ್ಣದೊಂದು, ಆಮೇಲೆ 97 ಜಿಬಿ, 195 ಜಿಬಿ, 172 ಜಿಬಿ. 97 ಅಂದ್ರೆ ಸಿ ಅಂತ ಅಂದಾಜು ಮಾಡಿ ಒತ್ತಿದೆ. ಎರರ್ ಬಂತು. ಈ ಡಿಸ್ಕಿನಲ್ಲಿ ಎಂಬಿಆರ್ ಪಾರ್ಟಿಶನ್ ಟೇಬಲ್ ಇದೆ, ಇಎಫ್ಐ ಸಿಸ್ಟಮ್‌ನಲ್ಲಿ ವಿಂಡೋಸ್ ಹಾಕಬೇಕಂದ್ರೆ ಜಿಪಿಟಿ ಬೇಕು ಅಂತ.

ಈ ಎರರ್ ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ನಾವೆಲ್ಲ ಮಾಡೋದೇ ನಾನೂ ಮಾಡಿದೆ, ಫೋನ್ ತೆಗೆದು ವಿಡಿಯೋ ಹುಡುಕಿದೆ. ಎರಡು ನಿಮಿಷದ ವಿಡಿಯೋ. ಶಿಫ್ಟ್ ಮತ್ತು ಎಫ್10 ಒತ್ತು, ಕಪ್ಪು ಕಿಟಕಿ ಬರುತ್ತೆ, ಡಿಸ್ಕ್‌ಪಾರ್ಟ್ ಅಂತ ಟೈಪ್ ಮಾಡು, ಡಿಸ್ಕ್ 0 ಸೆಲೆಕ್ಟ್ ಮಾಡು, ಆಮೇಲೆ 'ಕ್ಲೀನ್', ಆಮೇಲೆ 'ಕನ್ವರ್ಟ್ ಜಿಪಿಟಿ'. ಮುಗೀತು. ನಾನು ಡಿಸ್ಕ್ 0 ಸೆಲೆಕ್ಟ್ ಮಾಡಿಯೂ ಆಗಿತ್ತು. ಹಿಂದಿನಿಂದ ಮಾಮಾ ಕೇಳಿದ: "ಡಿ ಒಳಗಿಂದು ಏನೂ ಆಗೂದಿಲ್ಲಲ?"

"ಆಗೂದಿಲ್ಲ" ಅನ್ನೋಕೆ ಬಾಯಿ ತೆಗೆದೆ. ಆದ್ರೆ ಖರೆ ಹೇಳಬೇಕಂದ್ರೆ ನನಗೆ ಗೊತ್ತಿರಲಿಲ್ಲ. "ಡಿ ಒಳಗ ಏನೈತಿ ಮಾಮಾ?" ಅಂತ ಆಗ ಕೇಳಿದೆ. ಅಂಗಡಿಗೆ ಬಂದ ತಕ್ಷಣ ಕೇಳಬೇಕಾದ ಪ್ರಶ್ನೆ ಅದು.

ಡಿ ಒಳಗೆ 2011ರಿಂದ ಒಂದೊಂದು ವರ್ಷಕ್ಕೆ ಒಂದೊಂದು ಫೋಲ್ಡರ್ ಇದ್ದವು. ಊರಿನ ಮದುವಿಗಳೆಲ್ಲ ಅದರಲ್ಲಿ. ಸ್ಕ್ಯಾನ್ ಮಾಡಿದ ಫೋಟೋಗಳೂ ಅದರಲ್ಲಿ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟು ಮಲಪ್ರಭಾ ಉಕ್ಕಿ ರಾಮದುರ್ಗ ತಾಲೂಕಿನ ಹೊಳಿ ದಂಡಿಯ ಊರುಗಳಲ್ಲಿ ಮನೆಗಳಿಗೆ ನೀರು ಹೊಕ್ಕಿತಲ್ಲ, ಆಗ ಒಬ್ಬ ಅಜ್ಜನ ಮನೆ ಗೋಡೆ ಬಿದ್ದು ಆಲ್ಬಮ್ ಪೂರಾ ಹೋಗಿತ್ತಂತೆ. ತೀರಿಹೋದ ಹೆಂಡತಿಯ ಒಂದೇ ಒಂದು ಫೋಟೋ ಉಳಿದಿದ್ದು ಮಾಮಾನ ಡಿ ಡ್ರೈವ್‌ನಲ್ಲಿ. ಎರಡು ವರ್ಷ ಹಿಂದೆ ಪುಣ್ಯತಿಥಿ ಕಾರ್ಡಿಗೆ ಅಂತ ಸ್ಕ್ಯಾನ್ ಮಾಡಿಸಿದ್ದು. ಮಾಮಾ ಅದನ್ನ ಹುಡುಕಿ ಪ್ರಿಂಟ್ ಹಾಕಿ ಕೊಟ್ಟಿದ್ದ. ಆ ಫೈಲ್ ಇನ್ನೂ ಅಲ್ಲೇ ಇತ್ತು. ಬೇರೆ ಎಲ್ಲೂ ಕಾಪಿ ಇರಲಿಲ್ಲ.

'ಕ್ಲೀನ್' ಅಂದ್ರೆ ನಿಜವಾಗಿ ಏನು ಅಂತ ಇಂಜಿನಿಯರಿಂಗ್ ಓದೋ ನಾವಾದ್ರೂ ತಿಳ್ಕೋಬೇಕು. ಎಂಬಿಆರ್ ಡಿಸ್ಕಿನ ಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ ಪಾರ್ಟಿಶನ್ ಟೇಬಲ್‌ಗೆ ಸಿಗೋದು ಬರೀ 64 ಬೈಟ್, 16 ಬೈಟಿನ ನಾಲ್ಕು ಎಂಟ್ರಿ. ಯಾವ ಪಾರ್ಟಿಶನ್ ಎಲ್ಲಿ ಶುರುವಾಗುತ್ತೆ, ಎಷ್ಟು ಉದ್ದ ಅಂತ ಅಲ್ಲಿ ಬರೆದಿರುತ್ತೆ. ಅದಕ್ಕೇ ಎಂಬಿಆರ್‌ನಲ್ಲಿ ನಾಲ್ಕಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಶನ್ ಆಗಲ್ಲ, ಹಳೆ ಕಂಪ್ಯೂಟರ್‌ಗಳಲ್ಲಿ ಡಿ, ಇ ಎರಡೂ ಹೆಚ್ಚಾಗಿ 'ಲಾಜಿಕಲ್' ಆಗಿರ್ತವೆ. 'ಕ್ಲೀನ್' ಈ ಟೇಬಲನ್ನೇ ಒರೆಸುತ್ತೆ. ಸಿ ಒಂದನ್ನೇ ಅಲ್ಲ, ಎಲ್ಲದರ ವಿಳಾಸವನ್ನ. ಜಿಪಿಟಿಯಲ್ಲಾದ್ರೆ ಟೇಬಲ್ಲಿನ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ ಇರುತ್ತೆ (ಕ್ಲೀನ್ ಅದನ್ನೂ ಬಿಡಲ್ಲ ಬಿಡಿ), ಎಂಬಿಆರ್‌ನಲ್ಲಿ ಅದೂ ಇಲ್ಲ. ಆ ವಿಡಿಯೋದಲ್ಲಿ 'ಡಿಸ್ಕಿನಲ್ಲಿರೋದೆಲ್ಲ ಹೋಗುತ್ತೆ' ಅಂತ ಒಂದೇ ಒಂದು ಮಾತು ಇರಲಿಲ್ಲ. ಕೆಳಗೆ ಎಲ್ಲರೂ 'ಥ್ಯಾಂಕ್ಯೂ ಬ್ರೋ' ಅಂತ ಬರೆದಿದ್ರು.

ಹಾರ್ಡ್‌ಡಿಸ್ಕ್ ಆಗಿದ್ರೆ, ಅಳಿಸಿದ ಮೇಲೆ ಅದರ ಮೇಲೆ ಹೊಸದೇನೂ ಬರೆಯದೇ ಇದ್ರೆ, ಟೆಸ್ಟ್‌ಡಿಸ್ಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಕಳೆದ ಪಾರ್ಟಿಶನ್ ಹುಡುಕಿ ಕೊಡಬಹುದು. ಎಸ್‌ಎಸ್‌ಡಿಯಲ್ಲಿ ಆ ಆಸೆ ಬಹಳ ಇಟ್ಕೋಬೇಡಿ. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ 'ಈ ಜಾಗ ಖಾಲಿ' ಅಂತ ಡ್ರೈವ್‌ಗೆ ಟ್ರಿಮ್ ಕಮಾಂಡ್ ಕಳಿಸುತ್ತೆ, ಡ್ರೈವ್ ತಾನೇ ಆ ಜಾಗ ಒರೆಸಿಬಿಡುತ್ತೆ. ನಮ್ಮ ಲ್ಯಾಪ್‌ಟಾಪ್‌ಗಳೆಲ್ಲ ಈಗ ಎಸ್‌ಎಸ್‌ಡಿ.

ಮಾಮಾನ ಎರರ್‌ಗೆ ಪರಿಹಾರ ಏನಿತ್ತು ಗೊತ್ತಾ? ಏನೂ ಟೈಪ್ ಮಾಡೋದೇ ಬೇಕಿರಲಿಲ್ಲ. ಕಂಪ್ಯೂಟರ್ ಆನ್ ಮಾಡಿ ಬೂಟ್ ಮೆನು ತೆಗೆದ್ರೆ ಅದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತಿತ್ತು. ಒಂದು ಯುಇಎಫ್ಐ ಅಂತ ಮುಂದೆ ಬರೆದಿದ್ದು, ಇನ್ನೊಂದು ಬರೀ ಪೆನ್‌ಡ್ರೈವ್ ಹೆಸರು. ನಾನು ಮೊದಲನೆಯದನ್ನ ಆರಿಸಿದ್ದೆ. ಹಳೆ ವಿಂಡೋಸ್ ಇದ್ದದ್ದು ಹಳೆ ರೀತಿಯಲ್ಲಿ, ಹಾಗಾಗಿ ಎರಡನೆಯದರಿಂದ ಬೂಟ್ ಮಾಡಬೇಕಿತ್ತು. ಮಾಡಿದೆ, ಎರರ್ ಬರಲೇ ಇಲ್ಲ. (ವಿಂಡೋಸ್ 10ರ ಮಾತಿದು. ವಿಂಡೋಸ್ 11ಕ್ಕೆ ಯುಇಎಫ್ಐ ಬೇಕೇ ಬೇಕು. ಡೇಟಾ ಕಳೆಯದೆ ಜಿಪಿಟಿಗೆ ಬದಲಿಸೋಕೆ ವಿಂಡೋಸ್ 10ರಲ್ಲೇ 'ಎಂಬಿಆರ್ ಟು ಜಿಪಿಟಿ' ಅನ್ನೋ ಟೂಲ್ ಇದೆ, ಆದ್ರೆ ಡಿಸ್ಕಿನಲ್ಲಿ ಲಾಜಿಕಲ್ ಪಾರ್ಟಿಶನ್ ಇದ್ರೆ ಅದು ಒಪ್ಪಲ್ಲ.)

ಅಂಗಡಿಯಲ್ಲಿ ಆಗ ನೇಕಾರರೊಬ್ಬರು ಮಗಳ ಲಗ್ನದ ಕಾರ್ಡ್ ಪ್ರೂಫ್ ನೋಡಾಕ ಬಂದು ಕೂತಿದ್ದರು. ನಮ್ಮ ಗದ್ದಲ ಎಲ್ಲ ಕೇಳಿ ಮಾಮಾಗೆ ಅಂದರು: "ಮಗ್ಗಾ ರಿಪೇರಿ ಮಾಡಾಕ ಬಂದಾಂವ ಏರಿಸಿದ ಹಾಸು ಕತ್ತರಿಸಿ ಒಗೀತಾನೇನ್ರಿ ಮಾಸ್ತರ?" ನನ್ನ ಕಡೆ ನೋಡಲೂ ಇಲ್ಲ. ಹೇಳಬೇಕಾದವನಿಗೆ ಮುಟ್ಟಿತು.

ಕಥೆ ಇಲ್ಲಿಗೆ ಮುಗಿದಿದ್ರೆ ನಾನು ಹೀರೋ ಆಗ್ತಿದ್ದೆ. 97 ಜಿಬಿಯದನ್ನ ಸೆಲೆಕ್ಟ್ ಮಾಡಿ, ಕೆಳಗಿದ್ದ 'ಫಾರ್ಮ್ಯಾಟ್' ಒತ್ತಿ, ವಿಂಡೋಸ್ 10 ಹಾಕಿದೆ. ಡಿ ಇತ್ತು, ಇ ಇತ್ತು, ಎಲ್ಲ ಫೋಲ್ಡರ್ ಇದ್ದವು. ಅಜ್ಜಿಯ ಫೋಟೋ ತೆರೆದು ನೋಡಿದ್ವಿ, ಇತ್ತು. ಇ ಒಳಗಿದ್ದ ಸೆಟಪ್‌ನಿಂದ ಪೇಜ್‌ಮೇಕರ್ ಹಾಕಿದೆ. (ಅದರ ಕೊನೆಯ ವರ್ಷನ್ ಬಂದಿದ್ದು 2001ರಲ್ಲಿ, ನಾನು ಹುಟ್ಟೋ ಮೊದಲು. ನಮ್ಮ ಡಿಟಿಪಿ ಅಂಗಡಿಗಳು ಇನ್ನೂ ಅದನ್ನೇ ನಂಬಿವೆ.) ನೇಕಾರರ ಮನೆಯ ಹಿಂದಿನ ಲಗ್ನದ ಕಾರ್ಡ್ ತೆರೆದೆ. ಕನ್ನಡ ಅನ್ನೋ ಶಬ್ದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಆಮೇಲೆ ತಲೆ ಮೇಲೆ ಗೆರೆ ಎಳೆದ ಎ, ಆಮೇಲೆ ಪೌಂಡ್ ಚಿಹ್ನೆ, ಕೊನೆಗೆ ಸಣ್ಣ ಕ್ಯೂ. ಇಡೀ ಕಾರ್ಡ್ ಹಂಗೇ. ಮಾಮಾನ ಮುಖ ನೋಡಬೇಕಿತ್ತು. ಫೈಲ್ ಕೆಟ್ಟಿತು ಅಂದ್ಕೊಂಡ.

ಫೈಲ್ ಕೆಟ್ಟಿರಲಿಲ್ಲ, ಒಂದು ಬೈಟ್ ಕೂಡ ಬದಲಾಗಿರಲಿಲ್ಲ. ಕನ್ನಡದಲ್ಲಿ ಬರೆಯೋ ಒಂದು ಕ್ಲಬ್ಬಿನ ಪತ್ರಿಕೆ ಓದೋರು ಇದನ್ನ ತಿಳ್ಕೊಂಡಿರಬೇಕು ಅನ್ಸುತ್ತೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಿಂದಲೇ ಇದೆ, ವಿಂಡೋಸ್ ಎಕ್ಸ್‌ಪಿಯಲ್ಲೇ 'ತುಂಗಾ' ಅನ್ನೋ ಕನ್ನಡ ಫಾಂಟ್ ಬಂತು. ಆದ್ರೆ ನಮ್ಮ ಪ್ರಿಂಟಿಂಗ್ ಅಂಗಡಿ, ಸರ್ಕಾರಿ ಆಫೀಸುಗಳಲ್ಲಿ ಬೇರು ಬಿಟ್ಟಿದ್ದು ನುಡಿ, ಬರಹ ಥರದ ಸಾಫ್ಟ್‌ವೇರ್‌ಗಳ ಹಳೆ ಫಾಂಟ್‌ಗಳು. ನುಡಿಯನ್ನ ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಮಾಡಿತು. ಕನ್ನಡವನ್ನ ಕಂಪ್ಯೂಟರಿಗೆ ತಂದ ದೊಡ್ಡ ಕೆಲಸ ಅದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಹಳೆ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಕೂತಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ. ಫೈಲಿನಲ್ಲಿ ನಿಜವಾಗಿ ಸೇವ್ ಆಗಿರೋದು ಇಂಗ್ಲಿಷಿನ ಪಿ. ಅದನ್ನ 'ಕ' ಥರ ತೋರಿಸೋದು ಫಾಂಟು. ಫಾಂಟ್ ಇರೋದು ಎಲ್ಲಿ? ಸಿ ಒಳಗೆ, ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಲ್ಲಿ. ಅದನ್ನ ನಾನು ಈಗಷ್ಟೇ ಫಾರ್ಮ್ಯಾಟ್ ಹೊಡೆದಿದ್ದೆ.

ಅಂದ್ರೆ ಡಿ ಒಳಗಿನ ಅಕ್ಷರಗಳನ್ನ ಓದೋ ಕಣ್ಣು ಸಿ ಒಳಗಿತ್ತು. ಪಾರ್ಟಿಶನ್ ಉಳಿಸಿದ್ರೆ ಎಲ್ಲ ಉಳೀತು ಅನ್ನೋ ನನ್ನ ಲೆಕ್ಕ ಅಲ್ಲಿಗೆ ತಪ್ಪಿತು.

ನುಡಿ ಮತ್ತೆ ಹಾಕಿದ್ವಿ, ಮುಕ್ಕಾಲು ಫೈಲ್‌ಗಳು ಸರಿಯಾದವು. ಆದ್ರೆ ಮದುವಿ ಕಾರ್ಡಿನ ಹೆಸರು ಬರೆಯೋಕೆ ಅಂತ ಮಾಮಾ ಅವರಿವರ ಹತ್ರ ಪೆನ್‌ಡ್ರೈವ್‌ನಲ್ಲಿ ತಂದು ಸೇರಿಸಿದ್ದ ಅಲಂಕಾರದ ಫಾಂಟ್‌ಗಳು ಹೋದವು. ಅವುಗಳ ಹೆಸರೂ ಅವನಿಗೆ ನೆನಪಿಲ್ಲ. ಜೊತೆಗೆ ಡೆಸ್ಕ್‌ಟಾಪ್ ಮೇಲೆ 'ಹೊಸಾದು' ಅಂತ ಒಂದು ಫೋಲ್ಡರ್ ಇತ್ತು. ನಡೀತಾ ಇರೋ ಕೆಲಸ ಅಲ್ಲಿಟ್ಟು, ಮುಗಿದ ಮೇಲೆ ಡಿಗೆ ಹಾಕೋದು ಅವನ ಪದ್ಧತಿ. ಡೆಸ್ಕ್‌ಟಾಪ್ ಅನ್ನೋದು ಸಿ ಒಳಗಿನ ಒಂದು ಫೋಲ್ಡರ್ ಅಂತ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ಕೇಳಲಿಲ್ಲ. ತುಳಸಿ ಲಗ್ನ ಆದ ಮೇಲೆ ಮದುವಿ ಸೀಜನ್, ಅದಕ್ಕೆ ಟೈಪ್ ಮಾಡಿಟ್ಟ ಐದು ಕಾರ್ಡ್ ಆ ಫೋಲ್ಡರಲ್ಲಿದ್ದವು. ಅದರಲ್ಲಿ ಒಂದು ಅಂಗಡಿಯಲ್ಲೇ ಕೂತಿದ್ದ ಆ ನೇಕಾರರ ಮಗಳದು. ಮಾಮಾ ಬೈಯಲಿಲ್ಲ. ರಾತ್ರಿ ಹನ್ನೊಂದರ ತನಕ ಕೂತು ಮತ್ತೆ ಟೈಪ್ ಮಾಡಿದ, ನಾನು ಪಕ್ಕದಲ್ಲಿ ಕೂತು ಹೆಸರು ಓದಿ ಹೇಳಿದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕೈಬರಹದ ಒತ್ತಕ್ಷರ ಓದೋಕೆ ಆದ ಪಾಡು ಬೇರೆ ಲೇಖನಕ್ಕೆ ಆಗುತ್ತೆ.

ಹೊಟ್ಟೆ ಉರಿಯೋದು ಯಾವುದಕ್ಕೆ ಅಂದ್ರೆ, ಆ 'ಫಾರ್ಮ್ಯಾಟ್' ಬಟನ್ ಒತ್ತೋದೇ ಬೇಕಿರಲಿಲ್ಲ. ಹಳೆ ವಿಂಡೋಸ್ ಇರೋ ಪಾರ್ಟಿಶನ್ ಸೆಲೆಕ್ಟ್ ಮಾಡಿ, ಡಿಲೀಟೂ ಒತ್ತದೆ, ಫಾರ್ಮ್ಯಾಟೂ ಒತ್ತದೆ, ನೇರ 'ನೆಕ್ಸ್ಟ್' ಒತ್ತಿದ್ರೆ ಸೆಟಪ್ ಏನು ಮಾಡುತ್ತೆ ಗೊತ್ತಾ? ಹಳೆ ವಿಂಡೋಸ್, ಪ್ರೋಗ್ರಾಂ ಫೈಲ್ಸ್, ಯೂಸರ್ಸ್ ಫೋಲ್ಡರ್ ಎಲ್ಲ ತೆಗೆದು 'ವಿಂಡೋಸ್ ಡಾಟ್ ಓಲ್ಡ್' ಅನ್ನೋ ಒಂದು ಫೋಲ್ಡರಿನಲ್ಲಿ ಹಾಕಿ, ಪಕ್ಕದಲ್ಲಿ ಹೊಸದನ್ನ ಹಾಕುತ್ತೆ. ಪ್ರೋಗ್ರಾಂಗಳು ಮತ್ತೆ ಹಾಕಬೇಕು, ನಿಜ. ಆದ್ರೆ ಡೆಸ್ಕ್‌ಟಾಪ್ ಇರ್ತಿತ್ತು, ಫಾಂಟ್ಸ್ ಫೋಲ್ಡರ್ ಇರ್ತಿತ್ತು. ಸಿಯಲ್ಲಿ ಜಾಗ ಇರಬೇಕು, ಅಷ್ಟೆ. ಮತ್ತೆ ಅದು ಕಾಯಂ ಇರಲ್ಲ, ವಿಂಡೋಸ್ ಸ್ವಲ್ಪ ದಿನಕ್ಕೆ ತಾನೇ ಅದನ್ನ ತೆಗೆದುಹಾಕಬಹುದು, ಹಂಗಾಗಿ ಅವತ್ತೇ ಬೇಕಾದ್ದನ್ನ ಕಾಪಿ ಮಾಡ್ಕೋಬೇಕು. ವೈರಸ್ ಹೊಡೆದ ಮಷಿನ್ ಆದ್ರೆ ಮಾತ್ರ ಸಿ ಫಾರ್ಮ್ಯಾಟ್ ಮಾಡೋದಕ್ಕೆ ಅರ್ಥ ಇದೆ, ಅದೂ ಬೇಕಾದ್ದನ್ನ ತೆಗೆದಿಟ್ಟ ಮೇಲೆ.

ವಿಂಡೋಸ್ ಬೂಟೇ ಆಗ್ತಿಲ್ಲ, ಹೆಂಗ್ ತೆಗೆದಿಡೋದು ಅಂತೀರಾ? ಸೆಟಪ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಅದೇ ಶಿಫ್ಟ್ ಮತ್ತು ಎಫ್10 ಒತ್ತಿ. ಆ ಕಪ್ಪು ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್ ಬದಲು ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ. ನೋಟ್‌ಪ್ಯಾಡ್ ತೆರೆಯುತ್ತೆ. ಫೈಲ್, ಓಪನ್ ಅಂದ್ರೆ ಇಡೀ ಡಿಸ್ಕ್ ಕಣ್ಣ ಮುಂದೆ. ಕೆಳಗೆ 'ಆಲ್ ಫೈಲ್ಸ್' ಅಂತ ಮಾಡಿಕೊಂಡ್ರೆ ಯಾವ ಡ್ರೈವ್‌ನಲ್ಲಿ ಏನಿದೆ ಅಂತ ನೋಡಬಹುದು, ಅಲ್ಲಿಂದಲೇ ಕಾಪಿ ಮಾಡಿ ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಬಹುದು. ಅಲ್ಲಿ ಡ್ರೈವ್ ಅಕ್ಷರಗಳು ಅದಲು ಬದಲಾಗಿರಬಹುದು, ಸಿ ಅಂತ ಕಂಡಿದ್ದು ಡಿ ಇರಬಹುದು. ಒಳಗೆ ಹೊಕ್ಕು ನೋಡಿ, ಅಕ್ಷರ ನಂಬಬೇಡಿ. ಮಷಿನ್ ಚೆನ್ನಾಗಿರುವಾಗಲೇ ಡ್ರೈವ್‌ಗಳಿಗೆ ಹೆಸರು ಕೊಟ್ಟಿಟ್ರೆ ಇನ್ನೂ ಒಳ್ಳೇದು. ಮಾಮಾನ ಡಿಯ ಹೆಸರು ಈಗ 'ಮುಟ್ಟಬ್ಯಾಡ್ರಿ'.

ನಮ್ಮ ಲ್ಯಾಪ್‌ಟಾಪ್‌ಗಳ ಕಥೆ ಸ್ವಲ್ಪ ಬೇರೆ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ನಮ್ಮನ್ನ ಕೇಳದೇ ಆನ್ ಆಗಿರಬಹುದು. ಸಿ ಮೇಲೆ ಹೊಸ ವಿಂಡೋಸ್ ಹಾಕಿ, ಡಿ ಮುಟ್ಟದೇ ಇದ್ರೂ, ಆಮೇಲೆ ಡಿ ತೆರೆಯೋಕೆ ಹೋದಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಮೊದಲ ಸಲ ಸೈನ್ ಇನ್ ಮಾಡಿದ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತೆ. ಲ್ಯಾಪ್‌ಟಾಪ್ ಕೊಂಡ ದಿನ ಯಾರ ಮೇಲ್ ಐಡಿ ಹಾಕಿದ್ರು ಅಂತ ನೆನಪಿದೆಯಾ? ಅಣ್ಣಂದಾ, ಅಪ್ಪಂದಾ, ಅಂಗಡಿಯವರದ್ದಾ? ಇವತ್ತೇ ನೋಡಿಟ್ಕೊಳ್ಳಿ. ಇನ್ನು ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸೆಟಪ್‌ಗೆ ಡಿಸ್ಕೇ ಕಾಣಲ್ಲ, ಪಟ್ಟಿ ಖಾಲಿ ಇರುತ್ತೆ. ಎಸ್‌ಎಸ್‌ಡಿ ಸತ್ತಿತು ಅಂತ ಅಳಬೇಡಿ, ಸ್ಟೋರೇಜ್ ಡ್ರೈವರ್ ಲೋಡ್ ಮಾಡಬೇಕು, ಕಂಪನಿ ಸೈಟಿನಲ್ಲಿ ಸಿಗುತ್ತೆ. ಲಿನಕ್ಸ್ ಹಾಕೋರು 'ಹೋಮ್' ಬೇರೆ ಪಾರ್ಟಿಶನ್ ಮಾಡಿ, ಮುಂದಿನ ಸಲ ಅದರ ಮುಂದಿನ ಫಾರ್ಮ್ಯಾಟ್ ಟಿಕ್ ತೆಗೆದ್ರೆ ಮುಗೀತು. ಅವರು ಹೆಂಗೂ ನಮಗೆ ಹೇಳೋಕೇ ಕಾಯ್ತಿರ್ತಾರೆ.

ಒಬ್ಬ ಸೀನಿಯರ್ ನನ್ನ ಜೊತೆ ವಾದ ಮಾಡಿದ್ರು. "ಈ ಕಾಲದಲ್ಲಿ ಡಿ ಡ್ರೈವ್ ಯಾಕೋ? ಎಲ್ಲ ಕ್ಲೌಡ್‌ನಲ್ಲಿಡು, ಒಂದೇ ಪಾರ್ಟಿಶನ್ ಇರ್ಲಿ, ಬೇಕಾದಾಗ ಪೂರ್ತಿ ಅಳಿಸು." ಅರ್ಧ ಒಪ್ತೀನಿ. ಸಿ, ಡಿ ಎರಡೂ ಒಂದೇ ಡಿಸ್ಕಿನ ಮೇಲೆ ಗೆರೆ ಎಳೆದು ಮಾಡಿದ್ದು, ಡಿಸ್ಕ್ ಸತ್ರೆ ಎರಡೂ ಹೋಗ್ತವೆ. ಅದನ್ನ ಬ್ಯಾಕಪ್ ಅಂತ ಕರೆಯೋಕಾಗಲ್ಲ. ಆದ್ರೆ ಆ ಸೀನಿಯರ್ ಹೇಳಿದ್ದು ಅವರ ಲ್ಯಾಪ್‌ಟಾಪಿನ ಮಾತು. ಅವರ ಕೋಡ್ ಗಿಟ್‌ಹಬ್‌ನಲ್ಲಿದೆ, ಫೋಟೋ ಫೋನಿನಲ್ಲಿದೆ. ಸುರೇಬಾನದ ಅಂಗಡಿಯ ಹದಿಮೂರು ವರ್ಷದ ಫೈಲ್‌ಗಳು ಇರೋದು ಒಂದೇ ಕಡೆ, ಮತ್ತೆ ಅವುಗಳಲ್ಲಿ ಬಹುಪಾಲು ಅಂಗಡಿಯವನದ್ದೂ ಅಲ್ಲ, ಊರಿನವರದು. ನಮ್ಮ ಅಭ್ಯಾಸವನ್ನ ಅಲ್ಲಿಗೆ ಒಯ್ದು 'ಪೂರ್ತಿ ಅಳಿಸು' ಅಂದ್ರೆ ಹೆಂಗೆ?

ಇಂಥ ಅಭ್ಯಾಸ ನಗರದಲ್ಲೂ ಕಮ್ಮಿ ಏನಿಲ್ಲ. ನನ್ನ ರೂಮ್‌ಮೇಟ್ ಒಂದು ರಿಪೇರಿ ಅಂಗಡಿಗೆ ಲ್ಯಾಪ್‌ಟಾಪ್ ಕೊಟ್ಟಿದ್ದ. ವಾಪಸ್ ಬಂದಾಗ 476 ಜಿಬಿಯ ಒಂದೇ ಸಿ. ಡಿ ಎಲ್ಲಿ ಅಂತ ಕೇಳಿದ್ರೆ "ನೀಟಾಗಿ ಕ್ಲೀನ್ ಮಾಡಿದೀವಲ್ಲ ಸರ್" ಅಂದ್ರಂತೆ. ಕೊಡುವಾಗ ಡಿಯಲ್ಲಿ ಏನಿದೆ ಅಂತ ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಇದು ಬರೀ ಅಂಗಡಿಯವರ ತಪ್ಪು ಅಂತ ನಾನು ಹೇಳಲ್ಲ. ನಾವು ಆಪರೇಟಿಂಗ್ ಸಿಸ್ಟಮ್ಸ್ ಪೇಪರ್‌ನಲ್ಲಿ ಪೇಜಿಂಗ್, ಡೆಡ್‌ಲಾಕ್ ಅಂತ ಹತ್ತು ಮಾರ್ಕ್ಸಿಗೆ ಬರೀತೀವಿ, ನಮ್ಮದೇ ಲ್ಯಾಪ್‌ಟಾಪಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಒಂದು ಸಲ ತೆರೆದು ನೋಡಿರಲ್ಲ. ಲ್ಯಾಬ್‌ನಲ್ಲಿ ಒಂದು ವರ್ಚುವಲ್ ಮಷಿನ್ ಕೊಟ್ಟು, ಎರಡು ಪಾರ್ಟಿಶನ್ ಮಾಡಿಸಿ, ಒಂದರಲ್ಲಿ ಫೈಲ್ ಇಟ್ಟು, ಇನ್ನೊಂದರಲ್ಲಿ ಓಎಸ್ ಮತ್ತೆ ಹಾಕಿಸಿ, ಫೈಲ್ ಉಳೀತಾ ಅಂತ ನೋಡಿಸೋಕೆ ಒಂದು ಮಧ್ಯಾಹ್ನ ಸಾಕು. ನಮ್ಮ ಕ್ಲಬ್ಬಿನಿಂದಲೇ ಇದನ್ನ ಮಾಡಬಹುದು, ಕನ್ನಡದಲ್ಲೇ ಹೇಳಿಕೊಡಬಹುದು. ಜೊತೆಗೆ ಹಳೆ ನುಡಿ ಫೈಲ್‌ಗಳನ್ನ ಯೂನಿಕೋಡ್‌ಗೆ ಬದಲಿಸೋದನ್ನೂ ಸೇರಿಸಬೇಕು ಅನ್ನೋದು ನನ್ನ ಒತ್ತಾಯ, ಪರಿವರ್ತಕಗಳು ಉಚಿತವಾಗೇ ಸಿಗ್ತವೆ. ಯೂನಿಕೋಡ್‌ನಲ್ಲಿ ಬರೆದಿದ್ದಾದ್ರೆ ಫಾಂಟ್ ಹೋದ್ರೂ ಅಕ್ಷರ ಅಕ್ಷರವಾಗೇ ಇರುತ್ತೆ.

ಇದನ್ನ ಈಗ ಬರೀತಿರೋದಕ್ಕೂ ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ ಕೂಡ ಮುಗೀತು. ಅಪ್‌ಡೇಟ್ ಮುಂದುವರಿಸೋಕೆ ಒಂದು ವರ್ಷದ ಹೆಚ್ಚುವರಿ ಅವಕಾಶ ಕೊಟ್ಟಿದ್ದಾರೆ, ಆಮೇಲೆ ಊರೂರಿನ ಝೆರಾಕ್ಸ್ ಅಂಗಡಿ, ಸೊಸೈಟಿ, ಶಾಲೆಗಳಲ್ಲಿ ಮತ್ತೆ ಇದೇ ಕೆಲಸ ಶುರು. ರಜೆಗೆ ಊರಿಗೆ ಹೋದಾಗ ಕರೆಯೋದು ನಮ್ಮನ್ನೇ. ಪೆನ್‌ಡ್ರೈವ್ ತೆಗೆಯೋ ಮೊದ್ಲು ಕುರ್ಚಿ ಎಳ್ಕೊಂಡು ಕೂತು ಕೇಳ್ರಿ: ಡೆಸ್ಕ್‌ಟಾಪ್ ಮೇಲೆ ಏನೈತಿ, ಯಾವ ಫಾಂಟ್ ಬಳಸ್ತೀರಿ, ಲೆಕ್ಕದ ಸಾಫ್ಟ್‌ವೇರ್ ಡೇಟಾ ಎಲ್ಲೈತಿ (ಟ್ಯಾಲಿಯದ್ದು ಸಾಮಾನ್ಯವಾಗಿ ಸಿ ಒಳಗೇ ಇರುತ್ತೆ), ಪ್ರಿಂಟರ್ ಡ್ರೈವರ್ ಐತೋ ಇಲ್ಲೋ. ಪಾರ್ಟಿಶನ್ ಸೈಜ್‌ಗಳ ಒಂದು ಫೋಟೋ ಫೋನಿನಲ್ಲಿ ಹೊಡ್ಕೊಳ್ರಿ. ಉಳಿದದ್ದು ಖರೇನ ಒಂದು ತಾಸಿನ ಕೆಲಸ.

ಮಾಮಾ ಹೋದ ತಿಂಗಳು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಂದಿದ್ದಾನೆ, ಡಿಯನ್ನ ಪೂರ್ತಿ ಅದಕ್ಕೆ ಕಾಪಿ ಮಾಡಿ ಮನೆಯ ಟ್ರೆಜರಿಯಲ್ಲಿ ಇಟ್ಟಿದ್ದಾನೆ. ಅಲಂಕಾರದ ಆ ಫಾಂಟ್‌ಗಳಲ್ಲಿ ಎರಡು ಮಾತ್ರ ಸಿಕ್ಕಿವೆ. ಹಳೆ ಕಾರ್ಡ್ ತಂದು "ಇದ ಅಕ್ಷರ ಬೇಕ್ರಿ ಮಾಸ್ತರ" ಅನ್ನೋ ಗಿರಾಕಿಗಳಿಗೆ ಅವನು ಇನ್ನೂ ನನ್ನ ಹೆಸರು ಹೇಳಿಲ್ಲ.